ದಾದರಿನಲ್ಲಿ ಗಾಡಿ ಬದಲಿಸಿದ ಸಕ್ಕರೆ ಆನೆ

ಇವತ್ತು ನೀರು ತುಂಬಿದೆ, ಹಾಲು ಕಾಯಿಸಿದೆ, ಮನೆಯವರಿಗೆ ರೊಟ್ಟಿ ಬಡಿದೆ, ಒಣಗಿದ ಬಟ್ಟೆ ಮಡಚಿದೆ, ಒಂದು ಸಕ್ಕರೆ ಆನೆಯ ಬೆವರು ಒರೆಸಿದೆ. ಕೊನೆಯದು ನನ್ನ ನಿತ್ಯದ ಕೆಲಸವಲ್ಲ.

ಇವತ್ತು ಗೌರಿ ಹುಣ್ಣಿಮೆ. ಮಗನಿಗೆ ಹೆಣ್ಣು ಗೊತ್ತಾಗಿದ್ದರೆ ನಮ್ಮ ಧಾರವಾಡದ ಕಡೆ ಈ ದಿನ ಹುಡುಗಿಯ ಮನೆಗೆ ಸಕ್ಕರೆ ಆರತಿ ಒಯ್ಯಬೇಕು. ಕಟ್ಟಿಗೆಯ ಅಚ್ಚಿಗೆ ಪಾಕ ಸುರಿದು ತೆಗೆದ ಆನೆ, ಕುದುರೆ, ನವಿಲು, ಗೋಪುರ. ನಮಗೆ ಸೊಸೆಯಾಗಿ ಬರಲಿರುವ ಅಶ್ವಿನಿಯ ಮನೆ ಬೈಕುಲ್ಲಾದಲ್ಲಿ. ಅವರು ಉಡುಪಿ ಕಡೆಯವರು, ಈ ಪದ್ಧತಿ ಅವರಿಗೆ ಹೊಸದು. ಹೊಸಬರೆದುರು ತಪ್ಪಾದರೂ ಗೊತ್ತಾಗದು ಎನ್ನಬೇಡಿ. ನನಗೆ ಬಂದ ಆರತಿಯಲ್ಲಿ ಕುದುರೆಯ ಕಾಲು ಮುರಿದಿತ್ತು. ತಂದವರು ನಮ್ಮ ಅತ್ತೆಯವರೇ. ಅಪಶಕುನ ಮಾತ್ರ ನನ್ನ ಹೆಸರಿಗೆ! ಮುಂದೆ ಸಾರಿಗೆ ಉಪ್ಪು ಮರೆತರೂ ಅವರಿಗೆ ಆ ಕಾಲೇ ನೆನಪಾಗುತ್ತಿತ್ತು. ಅಶ್ವಿನಿಗೆ ಅಂಥದ್ದೊಂದು ಕಾಲು ಗಂಟುಬೀಳಬಾರದು.

ಅದಕ್ಕೇ ಅತಿ ಜಾಣತನ ಮಾಡಿ, ಗಟ್ಟಿಯಾಗಲೆಂದು ಗೊಂಬೆಗಳನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಬೆಳಿಗ್ಗೆ ಹೊರತೆಗೆದದ್ದೇ ತಡ, ಮುಂಬೈಯ ಗಾಳಿ ತಾಗಿ ಎಲ್ಲವೂ ಬೆವರಿದವು. ನವಿಲಿನ ಗರಿ ಕರಗಿ ಅದು ಪಾರಿವಾಳವಾಯಿತು.

"ಪೇಢಾ ಒಯ್ದರ ಆಗೂದಿಲ್ಲೇನ?" ಎಂದರು ಮನೆಯವರು.

"ಪೇಢಾಕ್ಕ ಸೊಂಡಿಲು ಇರತೈತೇನ್ರಿ?"

ಕಾಂದಿವಲಿಯಲ್ಲಿ ಗೊಂಬೆಗಳ ಡಬ್ಬಿಯನ್ನು ಎದೆಗವಚಿಕೊಂಡು ಲೋಕಲ್ ಹತ್ತಿದೆ. ಲೇಡೀಸ್ ಬೋಗಿಯಲ್ಲಿ ಒಬ್ಬಾಕೆ, "ಕೇಕ್ ಹೈ ಕ್ಯಾ?" ಎಂದಳು. ಆನೆ ಎಂದೇ ಹೇಳಿದೆ: "ಹಾಥೀ ಹೈ." "ಅರೇ, ಹಾಥೀ ಕೋ ಬಿಠಾವೋ!" ಎಂದು ಜಾಗ ಬಿಟ್ಟಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಿಂದೆ ಯುರೋಪಿನ ದೊರೆಗಳೂ ಈಜಿಪ್ಟಿನ ಸುಲ್ತಾನರೂ ಔತಣಗಳಲ್ಲಿ ಸಕ್ಕರೆಯ ಕೋಟೆ, ಮಸೀದಿ, ಸಿಂಹಗಳನ್ನು ಮೆರೆಸುತ್ತಿದ್ದರಂತೆ. ಸಕ್ಕರೆಯನ್ನು ಔಷಧಿಯಂತೆ ತೂಗಿ ಮಾರುತ್ತಿದ್ದ ಕಾಲವದು. ಅರಸ ಏನು ಉಟ್ಟಿದ್ದ, ಯಾರ ಪಕ್ಕ ಕೂತಿದ್ದ ಎಂದೆಲ್ಲ ಬರೆದಿಟ್ಟಿದ್ದಾರೆ. ಅಡುಗೆಮನೆಯಿಂದ ಆ ಕೋಟೆಯನ್ನು ಹೊತ್ತು ತಂದವನ ಎದೆ ಹೇಗೆ ಹೊಡೆದುಕೊಂಡಿತ್ತೆಂದು ಯಾರೂ ಬರೆದಂತಿಲ್ಲ. ಅವನ ದಾರಿಯಲ್ಲಿ ದಾದರ್ ಇರಲಿಲ್ಲ, ಪುಣ್ಯವಂತ. ನಾನು ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿ ಹಿಡಿಯುವಷ್ಟರಲ್ಲಿ ಯಾರದೋ ಮೊಣಕೈ ಡಬ್ಬಿಗೆ ಬಡಿಯಿತು. ಒಳಗೆ ಟಕ್ ಎಂದಿತು. ಬೈಕುಲ್ಲಾದವರೆಗೂ ಮುಚ್ಚಳ ತೆರೆಯುವ ಧೈರ್ಯವಾಗಲಿಲ್ಲ.

ಬೀಗರ ಮನೆಯಲ್ಲಿ ತೆರೆದೆ. ಆನೆಯ ಸೊಂಡಿಲು ಬೇರೆ ಬಿದ್ದಿತ್ತು. ಅಶ್ವಿನಿಯ ತಾಯಿ ಬಗ್ಗಿ ನೋಡಿದರು. ನಾನು ಮುಚ್ಚಳವನ್ನು ಮತ್ತೆ ಎಳೆದುಕೊಂಡೆ.

"ಆಂಟಿ, ಇದು... ಖಾನೇ ಕಾ ಹೈ ನಾ?" ಎನ್ನುತ್ತ ಅಶ್ವಿನಿ ಆ ಸೊಂಡಿಲನ್ನೆತ್ತಿ ಕಟುಂ ಎಂದು ಕಡಿದಳು.

"ಎಂತ ಮಾರಾಯ್ತಿ, ಅತ್ತೆಗೆ ಕೊಡದೆ ನೀನೇ ತಿನ್ನುವುದಾ?" ಎಂದು ತಾಯಿ ಗದರಿದರು.

ಅಶ್ವಿನಿ ಆನೆಯ ಕಿವಿ ಮುರಿದು ನನ್ನ ಬಾಯಿಗಿಟ್ಟಳು. ಕುದುರೆಯ ಕಾಲನ್ನು ಮುರಿದು ಅಮ್ಮನಿಗೆ ಕೊಟ್ಟಳು. ಇನ್ನು ಅಪಶಕುನ ಎನ್ನುವವರು ಯಾರು? ಎಲ್ಲರ ಬಾಯಲ್ಲೂ ಸಕ್ಕರೆ ಇತ್ತಲ್ಲ.

ಹೊಗಳಿ ಮುಗಿದ ಮೇಲೆ ಆ ಅರಸರ ಅತಿಥಿಗಳೂ ಕೋಟೆಯನ್ನು ಮುರಿದೇ ತಿನ್ನುತ್ತಿದ್ದರಂತೆ. ನನಗೆ ಬಂದ ಕುದುರೆಯ ಕಾಲನ್ನು ನಾನು ಅವತ್ತೇ ಬಾಯಿಗೆ ಹಾಕಿಕೊಂಡಿದ್ದರೆ ಅತ್ತೆಯವರಿಗೆ ಹೇಳಲು ಏನು ಉಳಿಯುತ್ತಿತ್ತು?

ರಾತ್ರಿ ಅಶ್ವಿನಿಯ ತಾಯಿ ಕಟ್ಟಿಕೊಟ್ಟ ನೀರುದೋಸೆ, ಚಟ್ನಿ ಉಂಡೆವು. ಗರಿಯಿಲ್ಲದ ನವಿಲನ್ನು ಮನೆಯಲ್ಲೇ ಬಿಟ್ಟುಹೋಗಿದ್ದೆ. ಅದನ್ನು ಮನೆಯವರು ಚಹಾಕ್ಕೆ ಹಾಕಿಕೊಂಡು ಕುಡಿದಿದ್ದರು. ಅವರು ಮಲಗಿದ ಮೇಲೆ ಇಷ್ಟು ಬರೆದೆ.