ಹರಿಹರದ ಬಸ್ಸು ಹೊಳೆ ದಾಟುವುದಿಲ್ಲ

ಅವರ ಬಲಗೈ ಎಡಗೈಗಿಂತ ಎದ್ದು ಕಾಣುವಷ್ಟು ಕಪ್ಪಗಿತ್ತು. ಬನಿಯನ್ ತೊಟ್ಟು ಸಂಪಿನ ಹತ್ತಿರ ನೀರು ಹಿಡಿಯಲು ನಿಂತರೆ, ಇಬ್ಬರ ತೋಳುಗಳನ್ನು ತಂದು ಒಬ್ಬರಿಗೇ ಜೋಡಿಸಿದ ಹಾಗೆ ಕಾಣುತ್ತಿತ್ತು. ನಾನು ದಿಟ್ಟಿಸುವುದನ್ನು ಕಂಡು ಒಮ್ಮೆ ಅವರೇ ಹೇಳಿದರು: "ಕಿಟಕಿ ಕಡೆ ಕೈ ತಂಗಿ. ಬಿಸಿಲು ಟಿಕೆಟ್ ಇಲ್ದೇ ಹತ್ತಿ ದಿನಾ ಅಲ್ಲೇ ಕೂತಿರ್ತಿತ್ತು."

ದಾವಣಗೆರೆಗೂ ಹರಿಹರಕ್ಕೂ ನಡುವೆ ಖಾಸಗಿ ಬಸ್ಸು ಓಡಿಸಿ ಓಡಿಸಿ ನಿವೃತ್ತರಾದವರು. ನಿಟ್ಟುವಳ್ಳಿಯ ಒಂದೇ ಮನೆಯಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ಕೆಳಗೆ ನಾನು, ತಾರಸಿಯ ಮೇಲಿನ ಒಂಟಿ ರೂಮಿನಲ್ಲಿ ಅವರು. ಬೀದಿಗೆಲ್ಲ ಅವರು ಡ್ರೈವರ್ ಕಾಕಾ, ನನಗೂ ಹಾಗೇ. ನಾನೋ, ಕೆ.ಬಿ. ಬಡಾವಣೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಬಿಟ್ಟು, ಬಾಗಿಲು ಹಾಕಿಕೊಂಡು, ಒಬ್ಬಳೇ ಒಂದು ವಿಡಿಯೋ ಗೇಮ್ ಮಾಡುತ್ತಿದ್ದೆ. ಬಸ್ಸು ಓಡಿಸುವ ಆಟ. ದಾವಣಗೆರೆಯಿಂದ ಹರಿಹರ, ಹರಿಹರದಿಂದ ದಾವಣಗೆರೆ, ಅಷ್ಟೇ. ನಲವತ್ತು ಸಮೀಪಿಸಿದ ಹೆಂಗಸು ದಿನವಿಡೀ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುತ್ತಾಳೆ ಎಂದರೆ ಜನ ಸುಮ್ಮನಿರುತ್ತಾರೆಯೇ? ಆಡಿಕೊಂಡರು. ನಾನೂ ಹಟಕ್ಕೆ ಬಿದ್ದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಹಾಲಿನವನನ್ನು ಬಿಟ್ಟರೆ ನನ್ನ ಬಾಗಿಲು ತಟ್ಟುವವರು ಯಾರೂ ಉಳಿದಿರಲಿಲ್ಲ.

ಆಗ ತಟ್ಟಿದವರು ಕಾಕಾ. ಮೆಟ್ಟಿಲು ಹತ್ತುತ್ತಿದ್ದವರು ನನ್ನ ಕಿಟಕಿಯಿಂದ ಬಂದ ಹಾರನ್ ಸದ್ದಿಗೆ ನಿಂತು, ಇಳಿದು ಬಂದಿದ್ದರು.

"ತಂಗಿ, ಅದು ಲಾರಿ ಹಾರನ್ನು. ಬಸ್ಸಿಂದಲ್ಲ."

"ಎಲ್ಲಾ ಒಂದೇ ಅಲ್ವೇನ್ರಿ ಕಾಕಾ?"

"ಒಂದೇ ಹೆಂಗಾಗ್ತೈತೆ? ಲಾರಿ ಸರೀರಿ ಅಂತೈತೆ. ಬಸ್ಸು ಬರ್ರಿ ಅಂತೈತೆ."

ಮರುದಿನದಿಂದ ಮಧ್ಯಾಹ್ನ ನಾಲ್ಕಕ್ಕೆ ತಮ್ಮ ಚಹಾದ ಲೋಟ ತಾವೇ ಹಿಡಿದುಕೊಂಡು ಬಂದು ನನ್ನ ಹೊಸ್ತಿಲ ಬಳಿ ಸ್ಟೂಲಿನ ಮೇಲೆ ಕೂರುವುದು ರೂಢಿಯಾಯಿತು. ಎಲ್ಲಿ ಗೇರು ಬದಲಿಸಬೇಕು, ಯಾವ ಸ್ಟಾಪಿನಲ್ಲಿ ಎಮ್ಮೆ ಅಡ್ಡ ಬರುತ್ತದೆ ಎಂಬುದನ್ನೆಲ್ಲ ಹೇಳಿಕೊಟ್ಟರು. ಒಂದು ಭಾನುವಾರ ನನ್ನನ್ನು ಹರಿಹರಕ್ಕೇ ಕರೆದೊಯ್ದು, ದಾರಿಯುದ್ದಕ್ಕೂ ಎಂಜಿನ್ನಿನ ಸದ್ದು ರೆಕಾರ್ಡ್ ಮಾಡಿಸಿದರು. ಅಲ್ಲಿ ಇಳಿದು ಸ್ಟ್ಯಾಂಡಿನಲ್ಲೇ ಒಂದು ಚಹಾ ಕುಡಿದು, ವಾಪಸ್ ಬಸ್ಸಿಗೆ ಹೊರಟೇಬಿಟ್ಟರು. ಊರೊಳಗೆ ಒಂದು ಸುತ್ತು ಹೋಗೋಣ ಎಂದೆ. "ಊರಾಗೆ ಏನೈತೆ ಅಂತ ನಂಗೇನು ಗೊತ್ತು? ದಿನಕ್ಕೆ ಎಂಟು ಸಲ ಬಂದೀನಿ, ಸ್ಟ್ಯಾಂಡ್ ಬಿಟ್ಟು ಆಚೆ ಹೋಗಿಲ್ಲ," ಎಂದರು. ನಾನು ಬಿದ್ದೂ ಬಿದ್ದೂ ನಕ್ಕೆ. ಅವರು ನಗಲಿಲ್ಲ.

ಆಟ ಮುಗಿಯುತ್ತಾ ಬಂತು. ಇಂಥ ಆಟಗಳು ಮಾರಾಟವಾಗುವುದು ಇಂಟರ್‌ನೆಟ್ಟಿನ ಅಂಗಡಿಯಲ್ಲಿ. ಸಾವಿರಾರು ಆಟಗಳ ನಡುವೆ ನಮ್ಮದಕ್ಕೆ ಸಿಗುವುದು ಹೆಬ್ಬೆರಳಿನಷ್ಟು ಒಂದು ಚಿತ್ರ, ಮೂರ್ನಾಲ್ಕು ಸಾಲು ಬರಹ. ಅದನ್ನು ನೋಡಿ ಜನ ನಿಂತರೆ ನಿಂತರು, ಇಲ್ಲವಾದರೆ ಇಲ್ಲ. ನನ್ನ ಪುಟ ತೆರೆದು ತಿಂಗಳಾದರೂ 'ಬೇಕು' ಎಂದು ಗುರುತು ಹಾಕಿದವರು ಹನ್ನೊಂದೇ ಜನ. ಅದರಲ್ಲಿ ನಾಲ್ವರು ನನ್ನ ಹಳೆಯ ವಿದ್ಯಾರ್ಥಿಗಳು. ಹೀಗೇ ಆದರೆ ಆಟ ಬಿಡುಗಡೆಯ ದಿನವೇ ಮುಳುಗುತ್ತದೆ, ನನ್ನ ಎರಡು ವರ್ಷ ಮಣ್ಣುಪಾಲು. ಹೇಳಿಕೊಳ್ಳಲು ಕಾಕಾ ಬಿಟ್ಟರೆ ಇನ್ನಾರಿದ್ದರು?

ಫೋನನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನನ್ನ ಚಿತ್ರ ನೋಡಿದರು. ಮುಳುಗುವ ಸೂರ್ಯ, ತುಂಗಭದ್ರೆಯ ಸೇತುವೆ, ಅದರ ಮೇಲೆ ಥಳಥಳ ಹೊಳೆಯುವ ಬಸ್ಸು, ಬಂಗಾರದ ಬಣ್ಣದ ಅಕ್ಷರ. ಹದಿನೈದು ದಿನ ಕೂತು ಬರೆದದ್ದು.

"ಯಾವೂರಿಗೆ ಹೋಗ್ತೈತೆ ಇದು?"

"ಹರಿಹರಕ್ಕೆ ಕಾಕಾ. ಬರ್ದೈತಲ್ಲ!"

"ಬರೀ ಬಂಗಾರ ಕಾಣ್ತೈತೆ. ಬೋರ್ಡು ಓದಾಕೆ ಆಗದಿದ್ರೆ ಯಾರು ಹತ್ತಾರೆ?" ಮತ್ತೆ ನೋಡಿ, "ಅದಿರ್ಲಿ, ಬಸ್ಸು ಹೊಳೆ ಮೇಲೆ ಯಾಕೈತೆ? ನಮ್ಮ ಬಸ್ಸು ಹೊಳೆ ದಾಟಲ್ಲ. ಹರಿಹರದಾಗೆ ನಿಲ್ತೈತೆ. ಹೊಳೆ ಅದರಾಚೆಗೈತೆ," ಎಂದರು.

"ಚಂದ ಕಾಣ್ಲಿ ಅಂತ ಹಾಕಿದೀನಿ. ಯಾರು ಕೇಳ್ತಾರೆ ಬಿಡ್ರಿ."

"ಹತ್ತಿದೋರು ಕೇಳ್ತಾರೆ. ಟಿಕೆಟ್ ತಗಂಡ ಮ್ಯಾಲೆ ಹೊಳೆ ಎಲ್ಲಿ ಅಂದ್ರೆ, ಯಾವ ಮುಖ ಇಟ್ಕಂಡು ನಿಲ್ತಿ?"

ಸಿಟ್ಟು ನೆತ್ತಿಗೇರಿತು. ಇದೇ ಊರಲ್ಲಿ ಹುಟ್ಟಿ ಬೆಳೆದವಳು ನಾನು. ಹೊಳೆ ಎಲ್ಲಿದೆ ಎಂದು ಇವರಿಂದ ಹೇಳಿಸಿಕೊಳ್ಳಬೇಕೆ? ಆ ಸಿಟ್ಟಿನಲ್ಲೇ ಬರಹವನ್ನೂ ಓದಿದೆ: "ಅತ್ಯದ್ಭುತ ದೃಶ್ಯಗಳು! ನೈಜ ಅನುಭವ! ಮುಗಿಯದ ಮನರಂಜನೆ!"

ಅವರು ಚಹಾ ನೆತ್ತಿಗೇರುವಷ್ಟು ನಕ್ಕರು. "ಕಂಡಕ್ಟರು ಸ್ಟ್ಯಾಂಡಿನಾಗೆ ಏನಂತ ಕೂಗ್ತಾನೆ? ಅದ್ಭುತ ಬಸ್ಸು, ಬರ್ರಿ ಅಂತಾನಾ? ಊರ ಹೆಸ್ರು ಕೂಗ್ತಾನೆ. ಹರಿಹರ, ಹರಿಹರ, ಹರಿಹರ. ಹೋಗೋರು ತಾವೇ ಬರ್ತಾರೆ."

"ಹಂಗಾದ್ರೆ ನೀವೇ ಹೇಳ್ರಿ. ಆ ಸೀಟಿನಾಗೆ ಕೂತ್ರೆ ಏನು ಕಾಣ್ತೈತೆ?"

ಲೋಟ ಕೆಳಗಿಟ್ಟರು.

"ಮುಂದೆ ರೋಡು. ಮ್ಯಾಲೆ ಕನ್ನಡಿ. ಕನ್ನಡಿ ತುಂಬ ಜನ. ತಲೆ ಹಿಂದೆ ಬರ್ದಿರ್ತಾರೆ ನೋಡು, ಚಾಲಕರೊಂದಿಗೆ ಮಾತನಾಡಬೇಡಿ ಅಂತ. ಯಾರೂ ಮಾತಾಡಲ್ಲ. ನಡುದಾರಿ ಸ್ಟಾಪಿನ ಹುಡುಗಿ ಒಬ್ಳು ಕಾಲೇಜಿಗೆ ಅಂತ ಬರೋಳು. ಆಮ್ಯಾಲೆ ಕೈತುಂಬ ಹಸಿರು ಬಳೆ ಹಾಕ್ಕಂಡು ಬಂದ್ಲು. ಆಮ್ಯಾಲೆ ಕೂಸು ಎತ್ಕಂಡು. ಎಲ್ಲಾ ಕನ್ನಡಿಯಾಗೇ ನೋಡಿದ್ದು ತಂಗಿ, ಒಂದಿನಾನೂ ಮಾತಾಡಿಲ್ಲ. ಆಕಿ ಬಸುರಿದ್ದಾಗ ಬ್ರೇಕ್ ಮಾತ್ರ ಮೆಲ್ಲಗೆ ಒತ್ತಿದ್ದೆ."

ಅವರು ಮುಗಿಸುವ ಮೊದಲೇ ನನ್ನ ಬೆರಳು ಕೀಲಿಗಳ ಮೇಲಿತ್ತು. ಸೂರ್ಯ, ಸೇತುವೆ, ಬಂಗಾರ ಎಲ್ಲವನ್ನೂ ಅಳಿಸಿದೆ. ಚಿತ್ರದಲ್ಲಿ ಉಳಿದದ್ದು ಒಂದು ಉದ್ದನೆಯ ಕನ್ನಡಿ, ಅದರ ತುಂಬ ಮುಖಗಳು, ಮೇಲೆ ದಪ್ಪಕ್ಷರದಲ್ಲಿ 'ಹರಿಹರ'. ಬರಹ ಮೂರೇ ಸಾಲು: "ಕನ್ನಡಿ ತುಂಬ ಜನ. ಮಾತಾಡಲು ಯಾರೂ ಇಲ್ಲ. ಹರಿಹರಕ್ಕೆ ಇನ್ನು ಅರ್ಧ ಗಂಟೆ." ಅದನ್ನೇ ಇಂಗ್ಲಿಷಿನಲ್ಲೂ ಹಾಕಿದೆ.

ಅಬ್ಬಾ, ಜನ ನಿಂತರು! ಹನ್ನೊಂದಿದ್ದದ್ದು ನೂರಾಯಿತು, ಸಾವಿರ ದಾಟಿತು. ಹರಿಹರದ ಹೆಸರೇ ಕೇಳದ ದೇಶಗಳವರು ತಮ್ಮೂರಿನ ಬಸ್ಸುಗಳ ಬಗ್ಗೆ, ಡ್ರೈವರಾಗಿದ್ದ ಅಪ್ಪಂದಿರ ಬಗ್ಗೆ ನನಗೆ ಪುಟಗಟ್ಟಲೆ ಬರೆದರು. ಮೆಟ್ಟಿಲು ಹಾರಿ ಹೋಗಿ ತಾರಸಿಯಲ್ಲಿ ಕಾಕಾಗೆ ಹೇಳಿದೆ. "ಬಸ್ಸು ತುಂಬ್ತಾ?" ಎಂದರು. ತುಂಬ್ತು ಕಾಕಾ ಎಂದೆ. ಅವರಿಗಾದ ಸಂತೋಷ ಕಂಡು ನನ್ನ ಕಣ್ಣಲ್ಲಿ ನೀರು ಬಂತು.

ಆಮೇಲಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಬಿಡುಗಡೆ ಹತ್ತಿರ ಬಂತು, ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ನಾಲ್ಕಕ್ಕೆ ಸರಿಯಾಗಿ ಲೋಟ ಹಿಡಿದು ಬಾಗಿಲಲ್ಲಿ ನಿಂತ ಕಾಕಾಗೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಅಂಗೈ ಎತ್ತಿ ತೋರಿಸಿದೆ. "ಈಗ ಬ್ಯಾಡ್ರಿ ಕಾಕಾ, ಆಮೇಲೆ."

"ಏನಿಲ್ಲ ತಂಗಿ, ಒಂದು ಮಾತಿತ್ತು."

"ಆಮೇಲೆ ಅಂದ್ನಲ್ರಿ."

ಒಂಚೂರೂ ಬೇಜಾರಿಲ್ಲದೆ ತಲೆಯಾಡಿಸಿ ಹೋದರು. ಮರುದಿನವೂ ಬಂದರು, ಮರುದಿನವೂ ನನ್ನದು ಅದೇ ಅಂಗೈ. ಮೂರನೆಯ ದಿನ ಬರಲಿಲ್ಲ. ಬರಲಿಲ್ಲವೆಂಬುದೇ ನನ್ನ ಗಮನಕ್ಕೆ ಬರಲಿಲ್ಲ.

ಬಿಡುಗಡೆಗೆ ಎರಡು ದಿನವಿರುವಾಗ, ಬಟ್ಟೆ ಒಣಗಿಸಲು ಮೇಲೆ ಹೋದ ಮನೆಯ ಒಡತಿ ಕೂಗಿಕೊಂಡಳು. ಮಲಗಿದಲ್ಲೇ ಕಾಕಾರ ಹೃದಯ ನಿಂತಿತ್ತು. ಒಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನೇ ಕೇಳಿದಳು: "ಯಾರಿಗ್ ಫೋನ್ ಮಾಡ್ಲಿ? ಇವ್ರಿಗೆ ಯಾರ್ಯಾರು ಅದಾರೆ? ದಿನಾ ಮಾತಾಡ್ತಿದ್ರಲ್ಲ, ನಿಮಗೆ ಗೊತ್ತಿರ್ಬೇಕು." ನನಗೆ ಗೊತ್ತಿರಲಿಲ್ಲ. ಒಂದು ವರ್ಷ ದಿನವೂ ಕೇಳಿದ್ದು ಗೇರು, ಬ್ರೇಕು, ಹಾರನ್ನು. ಮದುವೆಯಾಗಿತ್ತೇ, ಹುಟ್ಟೂರು ಯಾವುದು, ಒಂದೂ ಕೇಳಿರಲಿಲ್ಲ. ಕೊನೆಗೆ ಸ್ಟ್ಯಾಂಡಿನಿಂದ ನಾಲ್ಕೈದು ಡ್ರೈವರುಗಳು ಬಂದು ಎಲ್ಲ ಮಾಡಿದರು.

ಆಟ ಚೆನ್ನಾಗಿಯೇ ಹೋಯಿತು. ಆ ಮೂರು ಸಾಲು ಇವತ್ತಿಗೂ ಪುಟದ ಮೇಲಿದೆ. ಬರೆದವರು ಯಾರು ಎಂದು ಕೇಳಿದವರಿಗೆ ನಾನಲ್ಲ ಎನ್ನುತ್ತೇನೆ. ಮೊನ್ನೆ ಯಾವುದೋ ದೂರದ ಊರಿನ ಹುಡುಗಿಯೊಬ್ಬಳು ಬರೆದಿದ್ದಾಳೆ: "ಕೊನೆಯ ಟ್ರಿಪ್ ಮುಗಿದ ಮೇಲೆ ಈ ಡ್ರೈವರ್ ಎಲ್ಲಿಗೆ ಹೋಗುತ್ತಾರೆ? ಮನೆಯಲ್ಲಿ ಯಾರಿದ್ದಾರೆ?" ನಾಲ್ಕು ದಿನದಿಂದ ಉತ್ತರ ಬರೆಯಲು ಕೂರುತ್ತೇನೆ, ಏಳುತ್ತೇನೆ. ನನಗೆ ಗೊತ್ತಿರುವುದು ಇಷ್ಟೇ: ನನ್ನ ಬಾಗಿಲ ಮುಂದಿನಿಂದ ಮೆಟ್ಟಿಲು ಹತ್ತಿ ಹೋಗುತ್ತಿದ್ದರು.