ವಾಚ್‌ಟವರಿನ ಬುಡದಲ್ಲಿ ಕರ್ಪೂರ

ನಮ್ಮ ದೊಡ್ಡಮ್ಮ ಪ್ರೈಮರಿ ಶಾಲೆಯ ಟೀಚರ್ ಆಗಿ ರಿಟೈರಾದವರು. ಚಿಂತಾಮಣಿಯ ಅವರ ಮನೆಯ ತಾರಸಿಗೆ ಹಪ್ಪಳ ಒಣಗಿಸಲು ಹೋದಾಗಲೆಲ್ಲ, ಅಂಬಾಜಿದುರ್ಗದ ಆಚೆ ಒಂದು ಗುಡ್ಡದ ನೆತ್ತಿಯ ಮೇಲೆ ಕಡ್ಡಿ ನೆಟ್ಟಂತೆ ಒಂದು ಕಬ್ಬಿಣದ ಗೋಪುರ ಕಾಣುತ್ತಿತ್ತು. ಬೇಸಿಗೆಯಲ್ಲಿ ಕುರುಚಲು ಕಾಡಿಗೆ ಬೆಂಕಿ ಬಿದ್ದರೆ ನೋಡಿ ಹೇಳಲು ಕಟ್ಟಿದ ವಾಚ್‌ಟವರ್ ಅದು. ಈ ಸಲ ಶಿವರಾತ್ರಿ ಕಳೆದ ಮೇಲೆ, ಮಂಡಿಗೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಲೇ, ಅದನ್ನು ಹತ್ತಬೇಕು ಎಂದರು.

"ಮಂಡಿ ದೊಡ್ಡಮ್ಮಾ?" ಎಂದೆ.

"ಮಂಡಿ ಇರೋದು ಮಡಿಸೋಕೆ ಕಣೇ, ಪೂಜೆ ಮಾಡೋಕಲ್ಲ."

ಬ್ಯಾಂಕಿನ ಕುರ್ಚಿಯಲ್ಲಿ ಕೂತು ಕೂತು ಕುರ್ಚಿಯ ಆಕಾರಕ್ಕೇ ಬಂದಿದ್ದ ನಾನು ಒಪ್ಪಿಕೊಂಡೆ. ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟೆವು. ಫೋನಿನ ಮ್ಯಾಪು ನಮ್ಮನ್ನು ನೇರವಾಗಿ ಒಬ್ಬರ ಹಿಪ್ಪುನೇರಳೆ ತೋಟಕ್ಕೆ ಕರೆದುಕೊಂಡು ಹೋಗಿ, ತಲುಪಿದ್ದೀರಿ ಎಂದಿತು. ಸೊಪ್ಪು ಕೊಯ್ಯುತ್ತಿದ್ದಾತ ನಮ್ಮನ್ನು ನೋಡಿ, "ಗುಡ್ಡ ಅಲ್ಲೈತೆ ನೋಡ್ರಮ್ಮ, ಅಷ್ಟು ದಪ್ಪ ಐತಲ್ಲ!" ಎಂದ.

ಗುಡ್ಡದ ಬುಡದಲ್ಲಿ ಸ್ಕೂಟರ್ ನಿಲ್ಲಿಸಿದೆವು. ಮೇಲಕ್ಕೆ ದಾರಿಯೇ ಕಾಣಲಿಲ್ಲ. ಅಲ್ಲಿ ಮೇಕೆ ಮೇಯಿಸುತ್ತಿದ್ದ ಒಬ್ಬ ಹೆಂಗಸು ತೆಲುಗಿನಲ್ಲಿ, "ಎಕ್ಕಡಿಕಮ್ಮಾ?" ಎಂದಳು. ಟವರಿಗೆ ಎಂದು ದೊಡ್ಡಮ್ಮನೂ ತೆಲುಗಿನಲ್ಲೇ ಹೇಳಿದರು. ಹತ್ತಿ ಏನು ಮಾಡ್ತೀರಿ ಎಂದಳು. ನೋಡ್ತೀವಿ ಎಂದರು. ಏನು ನೋಡ್ತೀರಿ ಎಂದಳು. ದೊಡ್ಡಮ್ಮ ಗೋಪುರದ ಕಡೆಗೇ ಕೈ ತೋರಿಸಿದರು. ಅವಳು ನಗುತ್ತ ಮೇಕೆಗಳು ಹತ್ತುವ ಜಾಡನ್ನು ತೋರಿಸಿದಳು.

ಮೇಕೆ ಜಾಡಿನ ತೊಂದರೆಯೆಂದರೆ ಅದು ಮೇಕೆಯ ಎತ್ತರಕ್ಕಷ್ಟೇ ಇರುತ್ತದೆ. ಅದಕ್ಕಿಂತ ಮೇಲೆಲ್ಲ ಲಂಟಾನ ಮುಳ್ಳು. ನಾವು ಬಗ್ಗಿಕೊಂಡೇ ಹತ್ತಿದೆವು. ನಾನು ಏದುಸಿರು ಬಿಟ್ಟಾಗಲೆಲ್ಲ ದೊಡ್ಡಮ್ಮ ತಿರುಗಿ, "ಮೂಗಲ್ಲಿ ಉಸಿರಾಡು, ಬಾಯಲ್ಲಲ್ಲ" ಎಂದು ಪಾಠ ಹೇಳಿದರು.

ನೆತ್ತಿಯಲ್ಲಿ ಗೋಪುರವಿತ್ತು, ಆಳು ಕಾಣಲಿಲ್ಲ. ಬುಡದಲ್ಲಿ ಸುಣ್ಣ ಬಳಿದ ಒಂದು ಕಲ್ಲಿತ್ತು. ದೊಡ್ಡಮ್ಮ ಚಪ್ಪಲಿ ಬಿಟ್ಟು, ಪರ್ಸಿನಿಂದ ಕರ್ಪೂರ ತೆಗೆದು ಹಚ್ಚಿಯೇಬಿಟ್ಟರು. ಇನ್ನೂ ಕೈ ಮುಗಿಯುತ್ತಿದ್ದಾರೆ, ಮೇಲಿನಿಂದ ಕೂಗು: "ಯಾರಮ್ಮಾ ಅದು ಬೆಂಕಿ ಹಚ್ಚಿರೋದು!" ಲುಂಗಿ ಕಟ್ಟಿದ್ದ ವಾಚರ್ ದಡದಡ ಇಳಿದು ಬಂದು, ಬಾಟಲಿಯ ನೀರನ್ನೆಲ್ಲ ಕರ್ಪೂರದ ಮೇಲೆ ಸುರಿದ.

"ದೇವ್ರಲ್ಲಮ್ಮ ಅದು, ಗಡಿ ಕಲ್ಲು! ನಾನೇ ಸುಣ್ಣ ಬಳ್ದಿದ್ದು!"

"ಮುಗಿದ ಕೈ ವಾಪಸ್ ತಗೊಳ್ಳಕ್ಕಾಗತ್ತಾ? ಇರ್ಲಿ ಬಿಡಪ್ಪ, ಪಾಪ, ಅದಕ್ಕೂ ಒಂದಿನ ಪೂಜೆ ಆಯ್ತು" ಎಂದರು ದೊಡ್ಡಮ್ಮ. ಆಮೇಲೆ ಅವನ ಮುಖ ನೋಡಿ, "ನೀನು ಮಲಗಿದ್ಯಲ್ವಾ?"

"ಹೂಂ ಕಣಮ್ಮ. ಕರ್ಪೂರದ ವಾಸ್ನೆ ಬಂತು. ಮನೇಲಿ ಪೂಜೆ ಅಂದ್ಕೊಂಡು ಎದ್ದೆ."

ನಾವು ತಂದಿದ್ದ ಫ್ಲಾಸ್ಕಿನ ಕಾಫಿ ಕುಡಿದ ಮೇಲೆ ಅವನ ಕೋಪ ಇಳಿಯಿತು. ಬನ್ನಿ, ಮೇಲೆ ತೋರಿಸ್ತೀನಿ ಎಂದ. ನಾನು ನಾಲ್ಕು ಮೆಟ್ಟಿಲು ಹತ್ತಿ, ಮೆಟ್ಟಿಲಿನ ಜಾಲರಿಯ ಸಂದಿನಿಂದ ಕೆಳಗೆ ನೋಡಿದೆ. ಅಷ್ಟೇ. ಇಳಿದು ಬಂದು, ಅದು ಗಡಿ ಕಲ್ಲೆಂದು ಚೆನ್ನಾಗಿ ಗೊತ್ತಿದ್ದೂ, ಅದನ್ನೇ ತಬ್ಬಿಕೊಂಡು ಕೂತೆ. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, ವಾಚರನ ಹಿಂದೆ ತುದಿಯವರೆಗೂ ಹೋದರು.

ಮೇಲಿನಿಂದ ಮಾತು ತೇಲಿ ಬಂತು.

"ಅಲ್ಲಿ ಹೊಗೆ ಕಣಯ್ಯಾ! ಫೋನ್ ಮಾಡು!"

"ಅದು ಇಟ್ಟಿಗೆ ಗೂಡಮ್ಮ."

"ಮತ್ತೆ ಅದು?"

"ಅದೂ ಗೂಡೇ."

ಇಳಿದು ಬಂದಾಗ ದೊಡ್ಡಮ್ಮನ ಕೂದಲೆಲ್ಲ ಗಾಳಿಗೆ ಕೆದರಿತ್ತು.

"ಊರು ಇಷ್ಟೇ ಇಷ್ಟು ಕಾಣತ್ತೆ ಕಣೇ" ಎಂದು ಅಂಗೈ ತೋರಿಸಿದರು. "ಇದರಲ್ಲಿ ಅರ್ಧ ಜನದ ಜೊತೆ ನಾನು ಮಾತು ಬಿಟ್ಟಿದೀನಿ."

ಊಟಕ್ಕೆ ಹೊರಟ ವಾಚರ್ ಗೋಪುರದ ಹಿಂದಿನಿಂದ ಮೊಪೆಡ್ ತಳ್ಳಿಕೊಂಡು ಬಂದ. ಗುಡ್ಡದ ಆ ಮಗ್ಗುಲಲ್ಲಿ, ಬುಡದ ಟೀ ಅಂಗಡಿಯವರೆಗೂ ಜೀಪ್ ಓಡಾಡುವ ರಸ್ತೆಯೇ ಇತ್ತು! ನಾನು ಬಾಯಿ ತೆರೆಯುವುದರೊಳಗೆ ದೊಡ್ಡಮ್ಮ ಹಿಂದೆ ಹತ್ತಿ ಕೂತಾಗಿತ್ತು.

"ನೀನು ಚಿಕ್ಕೋಳು, ನಿಧಾನಕ್ಕೆ ನಡ್ಕೊಂಡು ಬಾ."

ಧೂಳು ತಿನ್ನುತ್ತ ಟೀ ಅಂಗಡಿ ತಲುಪಿದಾಗ, ಅವರು ಬೋಂಡ ಹಿಡಿದು ನಾಲ್ಕಾರು ಜನರಿಗೆ ಗುಡ್ಡ ಹತ್ತಿದ ಕಥೆ ಹೇಳುತ್ತಿದ್ದರು. ಆ ಕಥೆಯಲ್ಲಿ ನಾನು ಇರಲೇ ಇಲ್ಲ. ನಾನೂ ಒಂದು ಬೋಂಡ ತೆಗೆದುಕೊಂಡು ಬೆಂಚಿನ ತುದಿಯಲ್ಲಿ ಕೂತು ಕೇಳಿದೆ. ಕಥೆ ಚೆನ್ನಾಗಿತ್ತು.