ಅಳಿಯನ ಹಿರಿ ಹೆಸರು

ಅಮೆರಿಕದ ಸೇಂಟ್ ಪಾಲ್‌ನಲ್ಲಿ ಹೀಟರ್ ರಿಪೇರಿ ಮಾಡುವ ಗ್ಲೆನ್ ಓಸ್ಟ್‌ಬಿ, ಆಗ್ನೇಯ ಏಷ್ಯಾದಿಂದ ವಲಸೆ ಬಂದ ಹ್ಮಾಂಗ್ ಜನಾಂಗದ ಕಿಯಾಳನ್ನು ಮದುವೆಯಾಗಿ ಹನ್ನೆರಡು ವರ್ಷ. ಹ್ಮಾಂಗ್ ಭಾಷೆ ಅವನ ನಾಲಿಗೆಗೆ ನೀರು ಕುಡಿಸುತ್ತಿರುವುದೂ ಅಷ್ಟೇ ವರ್ಷದಿಂದ. ದನಿ ಬದಲಾದರೆ ಶಬ್ದವೇ ಬೇರೆ, ಅಂಥ ದನಿಗಳು ಎಂಟು. ಬರಹದಲ್ಲಿ ಶಬ್ದದ ಕೊನೆಯ ಅಕ್ಷರ ಓದುವುದಕ್ಕಲ್ಲ, ದನಿ ಏರಿಸು ಇಳಿಸು ಎನ್ನುವ ಗುರುತು. ಗ್ಲೆನ್ ಒಂದು ವರ್ಷವಿಡೀ ಆ ಅಕ್ಷರವನ್ನೂ ಉಚ್ಚರಿಸಿ ಓದಿದ. ಪ್ರಶ್ನೆ ಕೇಳುವಾಗ ಇಂಗ್ಲಿಷ್ ನಾಲಿಗೆಯ ದನಿ ತಾನಾಗಿ ಮೇಲೇರುತ್ತದೆ. ಅವನು ಏನು ಕೇಳಿದರೂ ಇನ್ನೇನೋ ಆಗಿ, ಅತ್ತೆ ಅಡುಗೆಮನೆಗೆ ಹೋಗಿ ನಕ್ಕು ಬರುತ್ತಿದ್ದರು.

"ನನ್ನ ಹತ್ರ ಇರೋದೇ ಎರಡು ದನಿ. ಒಂದು ಮಾತಾಡೋಕೆ, ಇನ್ನೊಂದು ಆಕಳಿಸೋಕೆ," ಎಂದು ಅವನೇ ಹೇಳಿಕೊಳ್ಳುತ್ತಿದ್ದ. ವ್ಯಾನಿನಲ್ಲಿ ಎಂಟೂ ದನಿ ಗುನುಗುತ್ತಾ ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಕಾರಿನವರು ಗಾಜು ಏರಿಸಿಕೊಳ್ಳುತ್ತಿದ್ದರು.

ಈ ಹಠಕ್ಕೆ ಕಾರಣವಿತ್ತು. ಹ್ಮಾಂಗ್ ಗಂಡಸಿಗೆ ಮಕ್ಕಳಾದ ಮೇಲೆ ಮಾವನ ಮನೆಯವರು ಹಿರಿ ಹೆಸರು ಕೊಡುತ್ತಾರೆ. ಅಲ್ಲಿಗೆ ಅವನು ದೊಡ್ಡವನಾದ ಹಾಗೆ. ಗ್ಲೆನ್‌ಗೆ ಇಬ್ಬರು ಹೆಣ್ಣುಮಕ್ಕಳಾದರು, ತಲೆ ಬೋಳಾಯಿತು, ಹೆಸರು ಮಾತ್ರ ಬರಲಿಲ್ಲ. ನಲವತ್ತು ದಾಟಿದರೂ ಮದುವೆಮನೆಗಳಲ್ಲಿ ಮೀಸೆ ಚಿಗುರದವರ ಪಂಕ್ತಿಯಲ್ಲೇ ಅವನ ಊಟ. ಭಾಷೆ ಪಾಸಾದ ದಿನ ಕೊಡುತ್ತಾರೆಂದು ತಾನೇ ತೀರ್ಮಾನಿಸಿಕೊಂಡಿದ್ದ. ಕೇಳಿದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗಾದೀತೆಂದು ಯಾರನ್ನೂ ಕೇಳಲಿಲ್ಲ.

ಈ ವರ್ಷ ಅವನ ಶಡ್ಡಕ ಟೆಂಗ್‌ಗೆ ಹಿರಿ ಹೆಸರು ಸಿಕ್ಕಿತು. ಟೆಂಗ್ ಹ್ಮಾಂಗನೇ, ಆದರೆ ಇಲ್ಲೇ ಹುಟ್ಟಿದವನು; ಅವನ ಹ್ಮಾಂಗ್ ಮಾತು ಗ್ಲೆನ್‌ನದಕ್ಕಿಂತ ಕಡೆ. ಗ್ಲೆನ್‌ಗೆ ತಡೆಯಲಾಗಲಿಲ್ಲ. ಭಾನುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಹ್ಮಾಂಗಿನಲ್ಲೇ ಕೇಳಿದ:

"ಮಾವ, ನಾನಿನ್ನೂ ಎಷ್ಟು ಕಲೀಬೇಕು?"

"ಯಾತಕ್ಕೆ?"

"ಹಿರಿ ಹೆಸರಿಗೆ."

ಮಾವ ನೋ ಚೂ ಅವರು ಚಮಚ ಕೆಳಗಿಟ್ಟರು. "ಅದಕ್ಕೂ ಮಾತಿಗೂ ಏನಯ್ಯಾ ಸಂಬಂಧ? ಹಂದಿ ಕೊಯ್ದು ಊಟಕ್ಕೆ ಕರೀಬೇಕಾದೋನು ನೀನು. ಟೆಂಗ್ ಕರೆದ, ನಾವು ಹೋಗಿ ಹೆಸರು ಕೊಟ್ವಿ. ಹೆಣ್ಣು ಕೊಟ್ಟೋರು ನಾವು, ನಮ್ಮನ್ನ ಕರಿ ಅಂತ ನಾವೇ ಹೇಳೋಕಾಗುತ್ತಾ? ಬಿಳಿಯರಿಗೆ ಇದೆಲ್ಲ ಬೇಡವೇನೋ ಅಂತ ಸುಮ್ನಿದ್ವಿ."

ಗ್ಲೆನ್ ಹೆಂಡತಿಯ ಮುಖ ನೋಡಿದ.

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು ಕಿಯಾ. "ಎಂಟು ದನಿ ಕಲಿತೆ, ಒಂದರಲ್ಲೂ ಬಾಯಿಬಿಟ್ಟು ಕೇಳಲಿಲ್ಲವಲ್ಲ ನೀನು."

"ಹಾಗಾದ್ರೆ ಈಗ ಕರೀತೀನಿ. ಹೆಸರು ಹುಡುಕ್ತೀರಾ?"

"ಹುಡುಕೋದೇನು ಬಂತು," ಎಂದರು ಅತ್ತೆ. "ದೊಡ್ಡೋಳು ಹುಟ್ಟಿದ ವಾರವೇ ನೋಡಿಟ್ಟಿದ್ವಿ. ನ್ಯಿಯಾ ಅಂತ. ನಮ್ಮ ನಮ್ಮಲ್ಲಿ ನಿನ್ನನ್ನ ಹಾಗೇ ಕರೀತೀವಿ."

ಗ್ಲೆನ್ ಎತ್ತಿದ ಚಮಚ ಬಾಯಿಗೆ ಹೋಗಲಿಲ್ಲ. ಈ ಮನೆಯ ನಗೆಮಾತುಗಳಲ್ಲೆಲ್ಲ ಬರುವ ನ್ಯಿಯಾ ಅವನಿಗೆ ಚೆನ್ನಾಗಿ ಗೊತ್ತು. ಅನ್ನ ಸೀಯಿಸಿದ ನ್ಯಿಯಾ, ಹಿಮದಲ್ಲಿ ವ್ಯಾನ್ ಹೂತ ನ್ಯಿಯಾ. ಯಾರೋ ಕ್ಯಾಲಿಫೋರ್ನಿಯಾದ ಪೆದ್ದ ನೆಂಟ ಇರಬೇಕು, ಥೇಟ್ ನನ್ನ ಹಾಗೇ ಎಂದುಕೊಂಡು ಹತ್ತು ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ನಗು ಮುಗಿದ ಮೇಲೆ ಅತ್ತೆ ಪ್ರತಿ ಸಲವೂ, "ಏನ್ಮಾಡೋದು, ನಮ್ಮವನಲ್ವಾ" ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಗ್ಲೆನ್‌ಗೆ ಆ ಪೆದ್ದನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.